ದ್ರಾವಾ ದಂಡೆಯಲ್ಲಿ ಮನೆ ನೋಡುವ ಶಾಸ್ತ್ರ

ನಮ್ಮ ಕಡೆ ಮದುವೆ ಮಾತು ಮುಂದುವರಿಯಬೇಕಾದರೆ ಹುಡುಗಿಯ ಕಡೆಯವರು ಒಮ್ಮೆ ಹುಡುಗನ ಮನೆ ನೋಡಿ ಬರಬೇಕು. ಒಂದು ಜೀಪು ಮಾಡಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮುಗಿಯುವ ಕೆಲಸ. ಬಾವಿ ನೋಡುವುದು, ಕೊಟ್ಟಿಗೆ ನೋಡುವುದು, ಕಾಫಿ ಕುಡಿದು ಹಪ್ಪಳ ಮುರಿಯುತ್ತಾ ಹುಡುಗನ ತಾಯಿಯ ಮಾತು ಹೇಗಿದೆ ಎಂದು ಒಳಗೊಳಗೇ ಅಳೆಯುವುದು. ಕಳೆದ ಸೆಪ್ಟೆಂಬರಿನಲ್ಲಿ ನಾನೂ ನನ್ನ ಅತ್ತಿಗೆಯೂ ಇದೇ ಕೆಲಸಕ್ಕೆ ಎರಡು ವಿಮಾನ, ಒಂದು ರೈಲು ಹತ್ತಿ ಕ್ರೊಯೇಷಿಯಾ ದೇಶದ ಓಸಿಯೆಕ್ ಎಂಬ ಊರಿಗೆ ಹೋಗಿ ಬಂದೆವು.

ಓಸಿಯೆಕ್ ದ್ರಾವಾ ಎಂಬ ನದಿಯ ದಂಡೆಯಲ್ಲಿದೆ. ಆ ದೇಶಕ್ಕೆ ಹೋಗುವ ಪ್ರವಾಸಿಗರೆಲ್ಲ ಸಮುದ್ರದ ಕಡೆ ಓಡುತ್ತಾರೆ. ಬಯಲು ಸೀಮೆಯ ಈ ಊರಿಗೆ ಬರುವವರು ಕಡಿಮೆ. ಅಣ್ಣನ ಮಗಳು ಪಲ್ಲವಿ ಅಲ್ಲಿ ಸೂರ್ಯಕಾಂತಿಯ ಬಿತ್ತನೆ ಬೀಜದ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಅಲ್ಲಿಯ ಹುಡುಗನೊಬ್ಬನನ್ನು ಮದುವೆಯಾಗುತ್ತೇನೆ ಎಂದು ಅವಳು ಫೋನಿನಲ್ಲಿ ಹೇಳಿದ ದಿನ ಅಣ್ಣ ತೀರ್ಥಹಳ್ಳಿಯ ತನ್ನ ಪಂಪ್‌ಸೆಟ್ ಅಂಗಡಿಯ ಬಾಗಿಲನ್ನು ಮಧ್ಯಾಹ್ನವೇ ಎಳೆದು, ಮನೆಗೆ ಬಂದು, ಊಟ ಮಾಡದೆ ಮಲಗಿದ. ಸಾಗರದಿಂದ ನಾನು ಬಸ್ಸು ಹಿಡಿದು ಹೋದಾಗಲೂ ಮಲಗಿಯೇ ಇದ್ದ. ಆಮೇಲೆ ಅವನೇ ಒಂದು ದಾರಿ ಹುಡುಕಿದ.

"ನಾ ಬರಲ್ಲ. ಆ ದೇಶಕ್ಕೆ ಕಾಲಿಟ್ರೆ ಒಪ್ಪಿದಂಗೇ ಆಗುತ್ತೆ. ನೀವಿಬ್ರೂ ಹೋಗಿ ಮನೆ ನೋಡ್ಕಂಡ್ ಬನ್ನಿ" ಎಂದ.

ಪಲ್ಲವಿಯೂ ಅದಕ್ಕೆ ಒಪ್ಪಿದಳು. "ಅಮ್ಮ ಬಂದು ನೋಡ್ಲಿ. ಅಮ್ಮ ಬೇಡ ಅಂದ್ರೆ ನಾನು ಮುಂದುವರಿಯಲ್ಲ" ಎಂದಳು. ಅವಳು ಹಟಮಾರಿ, ಕೊಟ್ಟ ಮಾತನ್ನು ಮುರಿಯುವವಳಲ್ಲ. ಹಾಗಾಗಿ ಧರ್ಮಸ್ಥಳ, ಬೆಂಗಳೂರು ಬಿಟ್ಟು ಬೇರೆಲ್ಲೂ ಹೋಗದ ನಮ್ಮ ಲಲಿತತ್ತಿಗೆಯ ಒಂದು ಮಾತಿಗೆ ಇಬ್ಬರ ಜೀವನ ತೂಗುಹಾಕಿದಂತಾಯಿತು. ನಾನು ಹೊಸನಗರದಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ಜೊತೆಗೆ ಹೊರಟೆ.

ನಿಲ್ದಾಣ

ರಾಜಧಾನಿ ಜಾಗ್ರೆಬ್‌ನಿಂದ ರೈಲು ಪೂರ್ವಕ್ಕೆ ಹೊರಟಿತು. ಗುಡ್ಡಗಳು ಒಂದೊಂದಾಗಿ ಕುಗ್ಗಿ, ಕಣ್ಣು ಹಾಯುವಷ್ಟು ದೂರವೂ ಹೊಲವೇ ಹೊಲ. ಕೊಯ್ಲಿಗೆ ಬಂದ ಸೂರ್ಯಕಾಂತಿ ಕಪ್ಪಾಗಿ ತಲೆ ತಗ್ಗಿಸಿ ನಿಂತಿತ್ತು. ಮನೆಗಳ ಮಾಡಿನ ಕೆಳಗೆ ಕೆಂಪು ಮೆಣಸಿನಕಾಯಿಯ ಸರ. ಅತ್ತಿಗೆ ಕಿಟಕಿಗೆ ಮುಖ ಒತ್ತಿ, "ಎಂತ ಸುಜಾತ, ಒಂದು ದಿಬ್ಬನೂ ಇಲ್ಲ. ಮಳೆ ಬಂದ್ರೆ ಈ ನೀರೆಲ್ಲ ಎತ್ಲಾಗ್ ಹೋಗುತ್ತೆ?" ಎಂದರು.

ಆ ಹೊತ್ತಿಗೆ ಬೋಗಿಯಲ್ಲಿ ಘಮಘಮ ಪರಿಮಳ ಎದ್ದಿತ್ತು. ಎದುರಿಗೆ ಕೂತ ಅಜ್ಜಿ ಮೂಗರಳಿಸಿ ಸುತ್ತ ನೋಡತೊಡಗಿದಳು. ಅತ್ತಿಗೆಯ ಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಸೋರಿ, ಬೀಗರ ಮನೆಗೆ ಹೋಗುವಾಗ ಉಡಲೆಂದು ಮಡಿಸಿಟ್ಟಿದ್ದ ರೇಷ್ಮೆ ಸೀರೆಯ ಸೆರಗಿನವರೆಗೂ ರಸ ಇಳಿದಿತ್ತು. ಅತ್ತಿಗೆ ಅಳುವುದೊಂದೇ ಬಾಕಿ. ಅಜ್ಜಿ ತನ್ನ ಕೈಚೀಲದಿಂದ ಕಾಗದದ ಕರವಸ್ತ್ರ ತೆಗೆದುಕೊಟ್ಟು, ತನ್ನ ಬೆರಳಿಗೆ ಅಂಟಿದ ರಸವನ್ನು ನೆಕ್ಕಿ, ಕಣ್ಣು ದೊಡ್ಡದು ಮಾಡಿದಳು. ಇನ್ನೊಂದು ಸಲ ನೆಕ್ಕಿದಳು.

ಓಸಿಯೆಕ್ ನಿಲ್ದಾಣಕ್ಕೆ ಪಲ್ಲವಿ ಬಂದಿದ್ದಳು. ಹುಡುಗ ಬಂದಿರಲಿಲ್ಲ. "ಅವನಿಗೆ ಡ್ಯೂಟಿ ಇದೆ" ಎಂದಳು. ಹುಡುಗ ನಗರ ಸಾರಿಗೆಯಲ್ಲಿ ಕೆಲಸದಲ್ಲಿದ್ದಾನೆ ಎಂದಷ್ಟೇ ನಮಗೆ ಗೊತ್ತಿದ್ದದ್ದು. ಅಣ್ಣ ಅದನ್ನು ಕೇಳಿ ಯಾವುದೋ ಎಂಜಿನಿಯರ್ ಇರಬೇಕೆಂದು ತನ್ನಷ್ಟಕ್ಕೆ ತೀರ್ಮಾನಿಸಿದ್ದ. ಹೊರಗೆ ಟ್ರಾಮ್ ಸ್ಟಾಪಿನಲ್ಲಿ ನಿಂತೆವು. ರಸ್ತೆಯ ಮಧ್ಯೆ ಹಳಿ ಹಾಕಿ ಓಡಿಸುವ ಸಣ್ಣ ರೈಲು ಅದು. ಕುದುರೆ ಎಳೆಯುತ್ತಿದ್ದ ಕಾಲದಿಂದಲೂ ಈ ಊರಿನಲ್ಲಿ ಟ್ರಾಮ್ ಇದೆಯಂತೆ. ಗಂಟೆ ಬಾರಿಸುತ್ತಾ ಒಂದು ಬಂತು. ಪಲ್ಲವಿ ಕೈಬೀಸಿದಳು. ಮುಂದಿನ ಗಾಜಿನ ಹಿಂದೆ ಗಡ್ಡದ ಯುವಕನೊಬ್ಬ ಕೈಯೆತ್ತಿ, ಆಮೇಲೆ ಏನೋ ನೆನಪಾದಂತೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

ಅತ್ತಿಗೆ ಅವನನ್ನು ನೋಡಿದರು. ಮಗಳನ್ನು ನೋಡಿದರು. "ಇವ್ನೇನಾ?"

"ಹೂಂ ಅಮ್ಮ. ತೋಮೊ."

"ಡ್ರೈವರಾ?"

"ಹೂಂ."

ಬಾಗಿಲು ತೆರೆಯಿತು. ಅತ್ತಿಗೆ ಕದಲಲಿಲ್ಲ. "ನಾನು ಇದರಲ್ಲಿ ಹತ್ತಲ್ಲ" ಎಂದರು. ತೋಮೊ ಸ್ವಲ್ಪ ಹೊತ್ತು ಕಾದ. ಹಿಂದಿನಿಂದ ಕಾರಿನವನು ಹಾರ್ನ್ ಹಾಕಿದ. ಪಲ್ಲವಿ ತಲೆಯಾಡಿಸಿದಳು, ಬಾಗಿಲು ಮುಚ್ಚಿ ಟ್ರಾಮ್ ಹೊರಟುಹೋಯಿತು. ಮುಂದಿನದರಲ್ಲಿ ಹತ್ತಿ ಪಲ್ಲವಿಯ ಮನೆಗೆ ಹೋದೆವು. ಮನೆ ಸೇರಿ ಸೀರೆಯನ್ನು ನೆನೆಹಾಕುತ್ತಾ ಅತ್ತಿಗೆ ನನಗಷ್ಟೇ ಕೇಳುವಂತೆ, "ನಿಮ್ಮಣ್ಣಂಗೆ ಈಗ್ಲೇ ಹೇಳ್ಬೇಡ" ಎಂದರು.

ಕೋಟೆಯೊಳಗೆ

ಮರುದಿನ ಕೆಲಸ ಮುಗಿಸಿ ಬಂದ ತೋಮೊ ನಮ್ಮನ್ನು ಹಳೆಯ ಕೋಟೆಗೆ ಕರೆದುಕೊಂಡು ಹೋದ. ಅದರ ಹೆಸರು ತ್ವರ್ಜಾ. ನಮ್ಮ ಕಡೆ ಕೋಟೆ ಎಂದರೆ ಗುಡ್ಡದ ಮೇಲೆ ಇರಬೇಕು, ಒಳಗೆ ಹುಲ್ಲು ಬೆಳೆದಿರಬೇಕು. ಇಲ್ಲಿ ನದಿಯ ಪಕ್ಕ, ಸಮತಟ್ಟು ನೆಲದಲ್ಲಿ ಒಂದು ಇಡೀ ಪೇಟೆಯೇ ಕೋಟೆ. ಟರ್ಕಿಯವರನ್ನು ಓಡಿಸಿದ ಮೇಲೆ ಆಸ್ಟ್ರಿಯಾದ ದೊರೆಗಳು ಕಟ್ಟಿಸಿದ್ದು. ಸೈನಿಕರ ಬಿಡಾರಗಳಲ್ಲಿ ಈಗ ಶಾಲೆ, ಕಾಲೇಜು, ಕಾಫಿ ಅಂಗಡಿ. ಕಲ್ಲು ಹಾಸಿದ ಚೌಕದ ಮಧ್ಯೆ ಎತ್ತರದ ಕಂಬವೊಂದಿದೆ. ಪ್ಲೇಗ್ ಬಂದ ಕಾಲದಲ್ಲಿ ಸೇನಾಧಿಕಾರಿಯೊಬ್ಬನ ಹೆಂಡತಿ ಹರಕೆಯೆಂದು ನಿಲ್ಲಿಸಿದ್ದಂತೆ.

ಹೊರಡುವ ಮುಂಚೆ ನಾನು ಈ ಊರಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿಕೊಂಡಿದ್ದೆ. ಕೇಳುವವನು ಸಿಕ್ಕಿದನೆಂದು ನನ್ನೊಳಗಿನ ಮೇಷ್ಟ್ರು ಎದ್ದರು. ಇಲ್ಲಿ ಮೊದಲು ರೋಮನ್ನರ ಪಟ್ಟಣವಿತ್ತು, ಆಮೇಲೆ ಟರ್ಕಿಯ ಸುಲ್ತಾನ ಬಂದ, ನದಿಯಾಚೆಯ ಕೆಸರು ಭೂಮಿಯ ಮೇಲೆ ಮೈಲಿಗಟ್ಟಲೆ ಉದ್ದಕ್ಕೆ ಮರದ ಸೇತುವೆ ಹಾಕಿಸಿದ, ಅದು ಇಡೀ ಯುರೋಪಿಗೆ ಸೋಜಿಗವಾಗಿತ್ತು, ಕೊನೆಗೆ ಯುದ್ಧದಲ್ಲಿ ಸುಟ್ಟರು ಎಂದೆಲ್ಲ ಹೇಳಿದೆ. ತೋಮೊ ಬಾಯಿ ತೆರೆದು ಕೇಳಿದ.

"ಮೇಡಂ, ನಾನು ಹುಟ್ಟಿದ್ದು ಇಲ್ಲೇ. ಶಾಲೆಯಲ್ಲಿ ಹೇಳಿಕೊಟ್ಟಿರಬೇಕು. ನಾನು ಆಗ ಕಿಟಕಿಯಿಂದ ಟ್ರಾಮ್ ನೋಡುತ್ತಿದ್ದೆ" ಎಂದ ಇಂಗ್ಲಿಷಿನಲ್ಲಿ.

ನನಗೆ ನಗು ತಡೆಯಲಾಗಲಿಲ್ಲ. ಕನ್ನಡದಲ್ಲಿ ಹೇಳಿದಾಗ ಅತ್ತಿಗೆ ನಗಲಿಲ್ಲ. ಅವರು ನಮ್ಮಿಂದ ಹತ್ತು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದರು. ಒಂದು ಚರ್ಚಿನ ಮುಂದೆ ನೆಲದ ಕಲ್ಲುಗಳಲ್ಲಿ ಬೇರೆಯದೇ ಗೆರೆ ಕಾಣುತ್ತಿತ್ತು. ಹಿಂದೆ ಅಲ್ಲಿದ್ದ ಮಸೀದಿಯ ಅಡಿಪಾಯದ ಗುರುತು ಅದು. ಚರ್ಚು ಕಟ್ಟಿದವರ ಮುಂದಿನ ತಲೆಮಾರು ಆ ಗುರುತನ್ನು ಅಳಿಸದೆ ಉಳಿಸಿಕೊಂಡಿದೆ. ಅತ್ತಿಗೆ ಆ ಗೆರೆಯನ್ನು ತುಳಿಯದೆ ದಾಟಿ ಬಂದರು. ಚಪ್ಪಲಿ ಬಿಡಬೇಕೇನೋ ಎಂಬಂತೆ ಒಮ್ಮೆ ನಿಂತರು.

ಹಿಂತಿರುಗುವಾಗ ರಸ್ತೆ ಕೂಡುವ ಜಾಗದಲ್ಲಿ ವಿಚಿತ್ರ ಸ್ಮಾರಕವೊಂದು ಕಂಡಿತು. ಕೆಂಪು ಬಣ್ಣದ ಪುಟ್ಟ ಕಾರು ಯುದ್ಧ ಟ್ಯಾಂಕಿನ ಮೇಲೆ ಹತ್ತುತ್ತಿದೆ. ಈ ದೇಶ ಸ್ವತಂತ್ರವಾಗಲು ಹೋರಾಡಿದ ತೊಂಬತ್ತೊಂದರ ಯುದ್ಧದಲ್ಲಿ ಈ ಊರಿನವರೊಬ್ಬರು ಟ್ಯಾಂಕುಗಳ ದಾರಿಗೆ ತಮ್ಮ ಸಣ್ಣ ಕಾರನ್ನು ಅಡ್ಡ ನಿಲ್ಲಿಸಿದರಂತೆ. ಟ್ಯಾಂಕು ಅದನ್ನು ಅಪ್ಪಚ್ಚಿ ಮಾಡಿತು. ಆಮೇಲೆ ಊರಿನವರು ಸ್ಮಾರಕ ಮಾಡಿದಾಗ ಕಾರು ಟ್ಯಾಂಕನ್ನು ತುಳಿಯುವಂತೆ ಮಾಡಿದರು. ಅತ್ತಿಗೆ ಅದರ ಸುತ್ತ ಒಂದು ಸುತ್ತು ಬಂದು, "ಕಾರಿನೋನು ಬದುಕಿದ್ನಾ?" ಎಂದರು. ತೋಮೊನನ್ನು ಅವರು ಕೇಳಿದ ಮೊದಲ ಮಾತು ಅದು. ಪಲ್ಲವಿ ತರ್ಜುಮೆ ಮಾಡಿದಳು. ಕಾರಿನಲ್ಲಿ ಯಾರೂ ಇರಲಿಲ್ಲ ಎಂದು ಅವನು ಹೇಳಿದ. ಅತ್ತಿಗೆ "ಸದ್ಯ" ಎಂದು ಮುಂದೆ ನಡೆದರು.

ನದಿಯಾಚೆಯ ಮೀನು

ಭಾನುವಾರ ತೋಮೊನ ಮನೆಯವರು ಊಟಕ್ಕೆ ಕರೆದಿದ್ದರು. ನದಿಯಾಚೆ ಅವರಿಗೆ ಒಂದು ಕೋಣೆಯ ಪುಟ್ಟ ತೋಟದ ಮನೆಯಿದೆ. ರೇಷ್ಮೆ ಸೀರೆಯ ಉಪ್ಪಿನಕಾಯಿ ವಾಸನೆ ಎಷ್ಟು ತೊಳೆದರೂ ಹೋಗಿರಲಿಲ್ಲ. ಅತ್ತಿಗೆ ದಿನಬಳಕೆಯ ಹತ್ತಿ ಸೀರೆ, ಸ್ವೆಟರ್, ಮಗಳ ಶೂ ಹಾಕಿಕೊಂಡು ಮುಖ ಗಂಟಿಕ್ಕಿಯೇ ಹೊರಟರು.

ನದಿ ದಾಟಲು ಒಂದು ದೋಣಿಯಿದೆ. ಅದಕ್ಕೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ದಪ್ಪ ತಂತಿಗೆ ಕಟ್ಟಿದ ದೋಣಿಯನ್ನು ನೀರಿನ ಸೆಳವಿಗೆ ಓರೆಯಾಗಿ ತಿರುಗಿಸಿದರೆ ನದಿಯೇ ಅದನ್ನು ಆಚೆ ದಡಕ್ಕೆ ದೂಡುತ್ತದೆ.

"ಇದರ ಹೆಸರು ಕೊಂಪಾ" ಎಂದಳು ಪಲ್ಲವಿ.

"ಕೊಂಪೆನಾ?" ಅತ್ತಿಗೆ ಆ ಊರಿಗೆ ಬಂದ ಮೇಲೆ ಮೊದಲ ಸಲ ನಕ್ಕರು. "ಚಂದ ಹೆಸರಿಟ್ಟಿದಾರೆ ಮಾರಾಯ್ತಿ!"

ನನಗೆ ಹಿನ್ನೀರಿನಾಚೆಯ ಬ್ಯಾಕೋಡಿನ ಶಾಲೆಯಲ್ಲಿ ಮೊದಲ ಕೆಲಸದ ದಿನಗಳು ನೆನಪಾದವು. ಸೋಮವಾರ ಬೆಳಿಗ್ಗೆ ಸಾಗರದಿಂದ ಬಸ್ಸಿನಲ್ಲಿ ಬಂದು, ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾದು, ಬಸ್ಸನ್ನೂ ಜೀಪನ್ನೂ ಹೊತ್ತ ಆ ಲಾಂಚಿನ ಅಂಚಿನಲ್ಲಿ ನಿಂತು ದಾಟುತ್ತಿದ್ದೆ. ಈಗ ಅಲ್ಲಿ ದೊಡ್ಡ ಸೇತುವೆಯಾಗಿದೆ. ಜನ ಕಾರಿನ ಗಾಜು ಇಳಿಸದೆ ದಾಟಿಬಿಡುತ್ತಾರೆ. ಈ ಊರಿನಲ್ಲೂ ಸೇತುವೆಗಳಿವೆ. ಆದರೂ ಕೊಂಪಾದಲ್ಲಿ ಮಕ್ಕಳು, ಸೈಕಲ್ಲಿನವರು, ನಾಯಿ ಹಿಡಿದ ಹೆಂಗಸರು ತುಂಬಿದ್ದರು. ಅವಸರವಿಲ್ಲದವರಿಗೆ ಒಂದು ದಾರಿ ಎಂದು ಉಳಿಸಿಕೊಂಡಿದ್ದಾರೆ.

ತೋಟದಲ್ಲಿ ತೋಮೊನ ಅಪ್ಪ ಯೋಸಿಪ್ ಮೂರು ಕೋಲಿಗೆ ಕಬ್ಬಿಣದ ಕೊಪ್ಪರಿಗೆ ತೂಗುಹಾಕಿ, ಕೆಳಗೆ ಸೌದೆ ಒಟ್ಟಿ ಮೀನಿನ ಸಾರು ಕಾಯಿಸುತ್ತಿದ್ದರು. ಹೊಳೆ ಮೀನು, ಈರುಳ್ಳಿ, ಕೆಂಪು ಮೆಣಸಿನ ಪುಡಿ. ಬಣ್ಣ ನೋಡಿದರೆ ನಮ್ಮದೇ. ಅತ್ತಿಗೆ ಮೆಲ್ಲನೆ ಒಲೆಯ ಹತ್ತಿರ ಹೋದರು. ಯೋಸಿಪ್ ಸೌಟು ಹಾಕಲಿಲ್ಲ. ಕೊಪ್ಪರಿಗೆಯ ಹಿಡಿ ಹಿಡಿದು ಅತ್ತಿತ್ತ ತಿರುಗಿಸಿದರು.

"ನೋಡು ಸುಜಾತ! ತುಂಡು ಒಡೆಯುತ್ತೆ ಅಂತ ಪಾತ್ರೆನೇ ತಿರುಗಿಸ್ತಾರೆ. ಇವ್ರಿಗೆ ಯಾರು ಹೇಳ್ಕೊಟ್ರು?"

ತೋಮೊನ ತಾಯಿ ಯಾಸ್ನಾ ಗಟ್ಟಿಮುಟ್ಟಾದ, ಜೋರು ದನಿಯ ಹೆಂಗಸು. ಇಂಗ್ಲಿಷ್ ಒಂದಕ್ಷರ ಬಾರದು. ಊಟಕ್ಕೆ ಕೂತಾಗ ನಾವು ಚಮಚ ಹಿಡಿದು ಒದ್ದಾಡುವುದನ್ನು ಕಂಡು, ಮುಳ್ಳು ಬಿಡಿಸುವುದಕ್ಕೆ ಕೈಯೇ ಸರಿ ಎಂದು ತಾನೂ ಕೈ ಹಾಕಿದಳು. ಅವರೆಲ್ಲರೂ ಹಾಗೆಯೇ ತಿನ್ನುವುದಂತೆ. ಅತ್ತಿಗೆ ಎರಡನೇ ಸಲ ಬಡಿಸಿಕೊಂಡರು.

ಊಟವಾದ ಮೇಲೆ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು, ಕೇಳಲೇಬೇಕಾದದ್ದನ್ನು ಕೇಳಿದರು. "ಹುಡುಗ ಹುಟ್ಟಿದ ದಿನ, ಹೊತ್ತು ಕೇಳು. ಊರಿಗೆ ಹೋಗಿ ಜಾತಕ ಹಾಕಿಸ್ಬೇಕು."

ಪಲ್ಲವಿ ಮುಖ ಕೆಂಪಗೆ ಮಾಡಿಕೊಂಡು ತರ್ಜುಮೆ ಮಾಡಿದಳು. ಯಾಸ್ನಾ ನಿಧಾನ ಹೇಳತೊಡಗಿದಳು. ಅವಳು ನಿಲ್ಲಿಸಿದಲ್ಲೆಲ್ಲ ಪಲ್ಲವಿ ಕನ್ನಡದಲ್ಲಿ ಹೇಳಿದಳು. ತೊಂಬತ್ತೊಂದರ ಚಳಿಗಾಲ. ಊರಿನ ಮೇಲೆ ದಿನವೂ ಶೆಲ್ ಬೀಳುತ್ತಿತ್ತು. ಯೋಸಿಪ್ ಊರ ಹೊರಗೆ ಕಾವಲಿನಲ್ಲಿದ್ದರು. ನೋವು ಶುರುವಾದಾಗ ಪಕ್ಕದ ಮನೆಯವರು ಅವಳನ್ನು ಗೋಡೆ ಬದಿಯಲ್ಲೇ ನಡೆಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದರು. ಆಸ್ಪತ್ರೆಯೂ ನೆಲಮಾಳಿಗೆಗೆ ಇಳಿದಿತ್ತು. ಮಗು ಹುಟ್ಟಿದಾಗ ಎಲ್ಲರೂ ಮೇಲಿನ ಸದ್ದಿಗೇ ಕಿವಿ ಕೊಟ್ಟಿದ್ದರು. ಗಡಿಯಾರ ಯಾರೂ ನೋಡಲಿಲ್ಲ. ಹಗಲೋ ರಾತ್ರಿಯೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಸದ್ದು ಸ್ವಲ್ಪ ನಿಂತಿತ್ತು, ಆಗ ಇವನು ಅತ್ತ. ಅಷ್ಟು ಮಾತ್ರ ನೆನಪಿದೆ.

ಯೋಸಿಪ್ ಎದ್ದು ಹೋಗಿ ಬೆಂಕಿ ಕೆದಕತೊಡಗಿದರು. ಅತ್ತಿಗೆ ತನ್ನ ಕುರ್ಚಿಯನ್ನು ಯಾಸ್ನಾಳ ಹತ್ತಿರಕ್ಕೆ ಎಳೆದುಕೊಂಡರು.

"ಜಾತಕ ಬ್ಯಾಡ ಬಿಡು" ಎಂದರು ನನ್ನ ಕಡೆ ತಿರುಗಿ. "ಆ ಹೊತ್ತಲ್ಲಿ ಉಳಿದು ಬಂದೋನಿಗೆ ಇನ್ನೆಂಥ ಜಾತಕ ನೋಡೋದು."

ಇನ್ನೇನು ಒಪ್ಪಿಬಿಟ್ಟರು ಎಂದು ಪಲ್ಲವಿ ನನ್ನ ಕೈ ಹಿಂಡಿದಳು. ಆದರೆ ಮನೆಗೆ ಬಂದ ಮೇಲೆ ಅತ್ತಿಗೆ, "ಜನ ಒಳ್ಳೇರು. ಹುಡುಗ ಹೆಂಗೋ ಎಂತೋ. ತಂದೆ ತಾಯಿ ಒಳ್ಳೇರಾದ್ರೆ ಆಯ್ತಾ? ಇವ್ಳು ಬಾಳ್ಬೇಕಾದ್ದು ಅವನ ಜೊತೆ" ಎಂದು ಹಾಸಿಗೆಯಲ್ಲಿ ಮಗ್ಗುಲಾದರು.

ಅತ್ತಿಗೆ ಎಲ್ಲಿ?

ಮರುದಿನ ಬೆಳಿಗ್ಗೆ ಪಲ್ಲವಿ ಕೆಲಸಕ್ಕೆ ಹೋಗಿದ್ದಳು. ನಾನು ಸ್ನಾನ ಮುಗಿಸಿ ಬಂದರೆ ಅತ್ತಿಗೆ ಇಲ್ಲ. ಶೂ ಇಲ್ಲ, ಸ್ವೆಟರ್ ಇಲ್ಲ. ಫೋನ್ ಮಾತ್ರ ಮೇಜಿನ ಮೇಲಿತ್ತು. ಕೆಳಗೆ ಓಡಿದೆ. ಮೂಲೆಯ ಬೇಕರಿಯಲ್ಲಿ ಕೇಳಿದೆ. ಅಲ್ಲಿಯ ಹುಡುಗಿ ನನಗೆ ಬ್ರೆಡ್ಡು ಕೊಡಲು ಬಂದಳು. ಬೆಂಚಿನ ಮೇಲೆ ಕೂತ ಮುದುಕರೊಬ್ಬರಿಗೆ ನನ್ನ ಸೆರಗು ಎತ್ತಿ ತೋರಿಸಿ, ಇಂಥದ್ದೇ ಇನ್ನೊಬ್ಬಳು ಎಂದು ಸನ್ನೆ ಮಾಡಿದೆ. ಅವರು ಎದ್ದು ನಿಂತು, ಟೋಪಿ ತೆಗೆದು, ಬಹಳ ಚೆನ್ನಾಗಿದೆ ಎಂಬಂತೆ ತಲೆಬಾಗಿದರು. ನದಿಯ ದಂಡೆಗೆ ಹೋಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಭಾಷೆ ಬಾರದ, ಒಬ್ಬಳೇ ಶಿವಮೊಗ್ಗಕ್ಕೂ ಹೋಗದ ಹೆಂಗಸು. ಪಲ್ಲವಿಗೆ ಫೋನ್ ಮಾಡಿದೆ. ಅವಳು ಅರ್ಧ ಕೆಲಸ ಬಿಟ್ಟು ಓಡಿಬಂದಳು.

ಇಬ್ಬರೂ ಪೊಲೀಸರ ಹತ್ತಿರ ಹೋಗುವುದೆಂದು ಮೆಟ್ಟಿಲಿಳಿಯುತ್ತಿದ್ದಾಗ ತೋಮೊನ ಫೋನ್ ಬಂತು. ಟ್ರಾಮಿನ ಕೊನೆಯ ನಿಲ್ದಾಣದಿಂದ ಪಿಸುದನಿಯಲ್ಲಿ ಮಾತಾಡುತ್ತಿದ್ದ.

"ನಿನ್ನ ಅಮ್ಮ ನನ್ನ ಟ್ರಾಮಿನಲ್ಲಿದ್ದಾರೆ. ಬೆಳಿಗ್ಗೆಯಿಂದ. ಇಳಿಯುತ್ತಿಲ್ಲ. ನನ್ನನ್ನೇ ನೋಡುತ್ತಿದ್ದಾರೆ. ನನಗೆ ಹೆದರಿಕೆಯಾಗುತ್ತಿದೆ."

ಪಲ್ಲವಿ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ನಾವು ಸ್ಟಾಪಿಗೆ ಹೋಗಿ ಕಾದೆವು. ಅವನ ಟ್ರಾಮ್ ಬಂತು. ಡ್ರೈವರಿನ ಹಿಂದಿನ ಮೊದಲ ಸೀಟಿನಲ್ಲಿ, ಮಡಿಲಲ್ಲಿ ಕಾಗದದ ಪೊಟ್ಟಣ ಇಟ್ಟುಕೊಂಡು ಅತ್ತಿಗೆ ಕೂತಿದ್ದರು. ನಮ್ಮನ್ನು ಕಂಡು, "ಹತ್ತಿ ಹತ್ತಿ, ಜಾಗ ಇದೆ" ಎಂದು ಕೈಮಾಡಿದರು.

"ಎಂತ ಅತ್ತಿಗೆ ಇದು! ಹೇಳಿ ಬರೋದಲ್ವಾ? ನಮ್ಮ ಜೀವ ಹೋಗಿತ್ತು!"

"ಹೇಳಿದ್ರೆ ನೀವೂ ಬರ್ತಿದ್ರಿ. ನೀವಿದ್ರೆ ಅವ್ನು ನಿಮ್ಮ ಎದ್ರಿಗೆ ಇರೋ ಹಂಗೆ ಇರ್ತಾನೆ. ನಂಗೆ ಅವ್ನು ಕೆಲ್ಸದಲ್ಲಿ ಹೆಂಗಿರ್ತಾನೆ ಅಂತ ನೋಡ್ಬೇಕಿತ್ತು." ಮಗಳ ಟ್ರಾಮ್ ಪಾಸನ್ನು ಸ್ವೆಟರಿನ ಜೇಬಿನಿಂದ ತೆಗೆದು ಅವಳ ಕೈಗಿಟ್ಟರು. ಮಡಿಲಿನ ಪೊಟ್ಟಣದಲ್ಲಿ ತೋಮೊ ಕೊನೆಯ ನಿಲ್ದಾಣದಲ್ಲಿ ಕೊಡಿಸಿದ ಬಿಸಿ ಬನ್ನು ಅರ್ಧ ಉಳಿದಿತ್ತು.

"ಹೆಂಗಿರ್ತಾನೆ?" ಎಂದೆ.

ಅತ್ತಿಗೆ ಅವನ ಬೆನ್ನಿನ ಕಡೆ ನೋಡುತ್ತಲೇ ಹೇಳಿದರು. "ಮುದುಕ್ರು ಹತ್ತಿದ್ರೆ ಕನ್ನಡೀಲಿ ನೋಡ್ತಾನೆ. ಅವ್ರು ಕೂತ ಮೇಲೇ ಬಿಡೋದು. ಒಬ್ಳು ಅಷ್ಟು ದೂರದಿಂದ ಚೀಲ ಹಿಡ್ಕಂಡು ಓಡಿ ಬರ್ತಿದ್ಲು. ಬಾಗ್ಲು ಮುಚ್ಚಿದ್ದ, ಮತ್ತೆ ತೆಗ್ದ. ಎರಡು ಸ್ಟಾಪಿನ ನಡುವೆ ಒಂದು ಕಾರಿನೋನು ಹಳಿ ಮೇಲೆ ನಿಲ್ಸಿದ್ದ. ಅವನಿಗೆ ಸಮಾ ಬೈದ. ಭಾಷೆ ಗೊತ್ತಾಗ್ಲಿಲ್ಲ, ಬೈದಿದ್ದು ಗೊತ್ತಾಯ್ತು. ಆಮೇಲೆ ಸಿಟ್ಟು ಇಟ್ಕಳ್ಳಿಲ್ಲ. ಮುಂದಿನ ಸ್ಟಾಪಲ್ಲಿ ಒಂದು ಮಗಿಗೆ ಗಂಟೆ ಬಾರ್ಸಿ ತೋರಿಸ್ತಿದ್ದ."

ಪಲ್ಲವಿ ತಾಯಿಯ ಭುಜಕ್ಕೆ ತಲೆಯಿಟ್ಟಳು. ಅತ್ತಿಗೆ ಮಗಳ ಕೂದಲು ಸರಿಮಾಡುತ್ತಾ, "ಬೈಯೋದು ಸ್ವಲ್ಪ ಜಾಸ್ತಿನೇ. ನೀನೂ ಕಮ್ಮಿ ಇಲ್ಲ ಬಿಡು" ಎಂದರು. ಎದುರಿನ ಕನ್ನಡಿಯಲ್ಲಿ ತೋಮೊನ ಕಣ್ಣುಗಳು ನಮ್ಮತ್ತ ಬಂದು ಹೋಗುತ್ತಿದ್ದವು.

ಕೊನೆಯ ಸಂಜೆ

ದ್ರಾವಾ ದಂಡೆಯುದ್ದಕ್ಕೂ ನಡೆಯಲು ಅಗಲವಾದ ದಾರಿ ಇದೆ. ಸಂಜೆಯಾದರೆ ಇಡೀ ಊರು ಅಲ್ಲಿ. ತೀರ್ಥಹಳ್ಳಿಯಲ್ಲಿ ನಾವು ಮಳೆಗಾಲ ಕಳೆದ ಮೇಲೆ ತುಂಗೆಯ ಕಲ್ಲುಗಳ ಮೇಲೆ ಕೂರುವ ಹಾಗೆ ಇವರು ಕಾಲು ಇಳಿಬಿಟ್ಟು ಕೂರುತ್ತಾರೆ. ಯಾರೋ ತಂಬೂರಾ ಎಂದೇ ಕರೆಯುವ ತಂತಿವಾದ್ಯ ನುಡಿಸುತ್ತಿದ್ದರು. ನಮ್ಮ ತಂಬೂರಿಯಂತೆ ಶ್ರುತಿಗೆ ನಿಲ್ಲದೆ ಕುಣಿಯುವ ದನಿ ಅದರದು. ತೋಮೊನ ಮನೆಯವರೂ ನಾವೂ ಎರಡು ಬೆಂಚು ಹಿಡಿದಿದ್ದೆವು. ಅತ್ತಿಗೆ ಅಣ್ಣನಿಗೆ ಫೋನ್ ಮಾಡಿಸಿದರು. ಸ್ಪೀಕರಿನಲ್ಲೇ ಮಾತಾಡುವುದು ಅವರ ಅಭ್ಯಾಸ.

"ಮನೆ ನೋಡಿದ್ರಾ? ಹುಡ್ಗಂದು ಎಂತ ಕೆಲ್ಸ?" ಅಣ್ಣನ ದನಿ.

"ಟ್ರಾಮ್ ಓಡಿಸ್ತಾನೆ. ಡ್ರೈವರ್."

"ಅಷ್ಟು ಓದಿದೋಳನ್ನ ಡ್ರೈವರಿಗೆ ಕೊಡೋದಾ? ಜನ ಎಂತ ಹೇಳ್ತಾರೆ ಗೊತ್ತಾ ನಿಂಗೆ?"

"ಹೇಳ್ಲಿ. ನೀವು ನೋಡ್ಕಂಡ್ ಬಾ ಅಂತ ಕಳ್ಸಿದ್ರಿ. ನಾನು ನೋಡಿದೀನಿ. ಮನೆಯೋರ್ನೂ ನೋಡಿದೀನಿ, ಹುಡ್ಗನ್ನೂ ನೋಡಿದೀನಿ. ನಂಗೆ ಒಪ್ಪಿಗೆ."

"ಮತ್ತೆ ನನ್ನ ಕೇಳೋದು ಬ್ಯಾಡ್ವಾ?"

"ಕೇಳ್ತಾ ಇದೀನಲ್ಲ ಈಗ."

ಮೂವತ್ತು ವರ್ಷಗಳ ಸಂಸಾರದಲ್ಲಿ ಅತ್ತಿಗೆ ಅಣ್ಣನಿಗೆ ಹೀಗೆ ಉತ್ತರ ಕೊಟ್ಟದ್ದನ್ನು ನಾನು ಕೇಳಿರಲಿಲ್ಲ. ಅಣ್ಣನೂ ಕೇಳಿರಲಿಕ್ಕಿಲ್ಲ. ಫೋನ್ ಇಟ್ಟುಬಿಡುತ್ತಾನೆ ಎಂದುಕೊಂಡೆ. ಪಲ್ಲವಿ ಉಗುರು ಕಚ್ಚುತ್ತಿದ್ದಳು. ಯಾಸ್ನಾ ಮಾತು ತಿಳಿಯದಿದ್ದರೂ ಫೋನಿನ ಕಡೆ ಬಾಗಿ ಕೂತಿದ್ದಳು.

"ಒಂದ್ಸಲ ಕರ್ಕಂಡ್ ಬರಕ್ಕೆ ಹೇಳು. ಅವ್ರ ಅಪ್ಪ ಅಮ್ಮನೂ ಬರ್ಲಿ. ನಾನೂ ಮಾತಾಡ್ಬೇಕು" ಎಂದ ಅಣ್ಣ ಕೊನೆಗೆ.

"ಬರ್ತಾರೆ. ಬ್ಯಾಡ ಅನ್ನಕ್ಕೆ ಅಂತ ಮಾತ್ರ ಕರೀಬೇಡಿ."

ಅಣ್ಣನ ದನಿ ಸಣ್ಣಗಾಯಿತು. "ಇಲ್ಲ ಮಾರಾಯ್ತಿ. ಬ್ಯಾಡ ಅನ್ನಕ್ಕೆ ಅಷ್ಟು ದೂರದಿಂದ ಯಾರನ್ನಾದ್ರೂ ಕರೀತಾರಾ? ಡಿಸೆಂಬರಲ್ಲಿ ಬರ್ಲಿ. ಆಗ ಮಳೆನೂ ಇರಲ್ಲ, ಜಿಗಣೆನೂ ಇರಲ್ಲ."

ಫೋನ್ ಕಟ್ಟಾಯಿತು. ಪಲ್ಲವಿ ತರ್ಜುಮೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ತಾಯಿಯ ಮಡಿಲಲ್ಲಿ ಮುಖ ಹುದುಗಿಸಿದ್ದಳು. ತೋಮೊ ಎದ್ದು ಬಂದು ನನ್ನ ಮುಂದೆ ನಿಂತ.

"ಮೇಡಂ, ಏನಂದರು?"

ಅಣ್ಣ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಬೇಕೆಂದು ಬಾಯಿ ತೆರೆದೆ. ಡ್ರೈವರ್, ಜನ, ಡಿಸೆಂಬರ್, ಜಿಗಣೆ. ಅವನ ಮುಖ ನೋಡಿದರೆ ಅಷ್ಟೆಲ್ಲ ಕೇಳುವ ತಾಳ್ಮೆ ಇದ್ದಂತೆ ಕಾಣಲಿಲ್ಲ. ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದೆ. ಅವನು ಅಪ್ಪನ ಕಡೆ ತಿರುಗಿ ಅದನ್ನೇ ತನ್ನ ಭಾಷೆಯಲ್ಲಿ ಕೂಗಿದ. ಯಾಸ್ನಾ ಎದ್ದು ಅತ್ತಿಗೆಯ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅತ್ತಿಗೆ ಗಾಬರಿಯಾಗಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ವಾಲಿದರು.

"ಎಂತ ಹೇಳ್ದೆ ಅವ್ನಿಗೆ?"

"ಹೌದು ಅಂದೆ."

"ಸರಿಯಾಗೇ ಹೇಳಿದ್ಯಲ್ಲ" ಎಂದರು ಅತ್ತಿಗೆ.